ಬಯೋಮೆಡಿಕಲ್ ಎಂಜಿನಿಯರಿಂಗ್ ಶಿಕ್ಷಣ

ಬಯೋಮೆಡಿಕಲ್ ಎಂಜಿನಿಯರಿಂಗ್ ಶಿಕ್ಷಣ (ಜೈವಿಕ ವೈದ್ಯಕೀಯ ಎಂಜಿನಿಯರಿಂಗ್ ಶಿಕ್ಷಣ) ಎಂಬುದು ಎಂಜಿನಿಯರಿಂಗ್ ತತ್ತ್ವಗಳನ್ನು ವೈದ್ಯಕೀಯ ಹಾಗೂ ಜೀವವಿಜ್ಞಾನದ ಸಮಸ್ಯೆಗಳಿಗೆ ಅನ್ವಯಿಸುವುದನ್ನು ಕಲಿಸುವ ವಿಶ್ವವಿದ್ಯಾಲಯ ಮಟ್ಟದ ಅಧ್ಯಯನ. ಇಸಿಜಿ, ವೆಂಟಿಲೇಟರ್, ಡಯಾಲಿಸಿಸ್ ಯಂತ್ರ, ಪೇಸ್‌ಮೇಕರ್, ಕೃತಕ ಕೀಲು ಮೊದಲಾದ ಸಾಧನಗಳ ವಿನ್ಯಾಸ, ಪರೀಕ್ಷೆ ಮತ್ತು ನಿರ್ವಹಣೆ ಇದರ ವ್ಯಾಪ್ತಿಗೆ ಸೇರುತ್ತವೆ. ಇದು ವೈದ್ಯಕೀಯ ಪದವಿಯಲ್ಲ. ಇದನ್ನು ಓದಿದವರಿಗೆ ರೋಗಿಗಳಿಗೆ ಚಿಕಿತ್ಸೆ ನೀಡುವ ಅಧಿಕಾರ ಇರುವುದಿಲ್ಲ. ಜೀವಕೋಶಗಳನ್ನೂ ಸೂಕ್ಷ್ಮಜೀವಿಗಳನ್ನೂ ಬಳಸಿ ಉತ್ಪನ್ನಗಳನ್ನು ತಯಾರಿಸುವ ಜೈವಿಕ ತಂತ್ರಜ್ಞಾನಕ್ಕಿಂತಲೂ ಇದು ಭಿನ್ನವಾದುದು.

ಇತಿಹಾಸ

ವೈದ್ಯರು ಮತ್ತು ಎಂಜಿನಿಯರುಗಳ ಸಹಕಾರವು ಈ ಹೆಸರಿನ ಪದವಿಗಳಿಗಿಂತ ಹಳೆಯದು. ಹೃದಯದ ವಿದ್ಯುತ್ ಸಂಕೇತಗಳನ್ನು ದಾಖಲಿಸುವ ವಿಧಾನಕ್ಕಾಗಿ ನೆದರ್‌ಲ್ಯಾಂಡ್ಸ್‌ನ ವಿಲ್ಲೆಮ್ ಐಂಥೋವೆನ್ 1924ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. 1958ರಲ್ಲಿ ಸ್ವೀಡನ್ನಿನ ಎಂಜಿನಿಯರ್ ರೂನೆ ಎಲ್ಮ್‌ಕ್ವಿಸ್ಟ್ ನಿರ್ಮಿಸಿದ ಪೇಸ್‌ಮೇಕರನ್ನು ಶಸ್ತ್ರವೈದ್ಯ ಓಕೆ ಸೆನ್ನಿಂಗ್ ರೋಗಿಯ ದೇಹದೊಳಗೆ ಅಳವಡಿಸಿದರು. ಆ ಮೊದಲ ಸಾಧನ ಕೆಲವೇ ಗಂಟೆಗಳ ಕಾಲ ಕೆಲಸ ಮಾಡಿತು. ಆದರೆ ಅದನ್ನು ಪಡೆದ ಆರ್ನೆ ಲಾರ್ಸನ್, ಮುಂದೆ ಅಳವಡಿಸಲಾದ ಸುಧಾರಿತ ಪೇಸ್‌ಮೇಕರುಗಳ ನೆರವಿನಿಂದ 2001ರವರೆಗೆ ಬದುಕಿದ್ದರು.

ಅಮೆರಿಕದಲ್ಲಿ 1960ರ ಮತ್ತು 1970ರ ದಶಕಗಳಲ್ಲಿ ಇದಕ್ಕಾಗಿ ಪ್ರತ್ಯೇಕ ವಿಭಾಗಗಳು ರೂಪುಗೊಂಡವು. ಡ್ಯೂಕ್ ವಿಶ್ವವಿದ್ಯಾಲಯದ ಕಾರ್ಯಕ್ರಮವು 1972ರಲ್ಲಿ ಅಧಿಕೃತ ಮಾನ್ಯತೆ ಪಡೆಯಿತು. 1975ರಲ್ಲಿ ಆರಂಭಗೊಂಡು 2006ರಲ್ಲಿ ಮುಚ್ಚಿದ ವಿಟೇಕರ್ ಪ್ರತಿಷ್ಠಾನವು ಅನೇಕ ವಿಶ್ವವಿದ್ಯಾಲಯಗಳಲ್ಲಿ ಇಂತಹ ವಿಭಾಗಗಳನ್ನು ಕಟ್ಟಲು ಧನಸಹಾಯ ನೀಡಿತು.

ಪಠ್ಯಕ್ರಮ

ಭಾರತದಲ್ಲಿ ಸ್ನಾತಕ ಪದವಿಯ ಅವಧಿ ನಾಲ್ಕು ವರ್ಷ. ಮೊದಲ ವರ್ಷದಲ್ಲಿ ಗಣಿತ, ಭೌತವಿಜ್ಞಾನ, ರಸಾಯನವಿಜ್ಞಾನ ಮತ್ತು ಪ್ರೋಗ್ರಾಮಿಂಗ್ ವಿಷಯಗಳಿರುತ್ತವೆ. ಅನಂತರ ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ವಿದ್ಯುನ್ಮಂಡಲಗಳು, ಸಂಕೇತ ಸಂಸ್ಕರಣೆ, ವೈದ್ಯಕೀಯ ಉಪಕರಣಶಾಸ್ತ್ರ, ಜೈವಿಕ ಯಂತ್ರಶಾಸ್ತ್ರ, ಜೈವಿಕ ಹೊಂದಾಣಿಕೆಯುಳ್ಳ ವಸ್ತುಗಳು ಹಾಗೂ ವೈದ್ಯಕೀಯ ಚಿತ್ರಣ ಮುಂತಾದವು ಬರುತ್ತವೆ.

ಈ ವಿಷಯಗಳು ಒಂದನ್ನೊಂದು ಅವಲಂಬಿಸಿರುವುದಕ್ಕೆ ಬೆರಳ ತುದಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಉತ್ತಮ ನಿದರ್ಶನ. ಜಪಾನಿನ ಎಂಜಿನಿಯರ್ ತಕುವೋ ಅಓಯಾಗಿ 1970ರ ದಶಕದಲ್ಲಿ ಇದರ ತತ್ತ್ವವನ್ನು ರೂಪಿಸಿದರು. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಕೆಂಪು ಹಾಗೂ ಅವಕೆಂಪು ಬೆಳಕನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುತ್ತವೆ. ನಾಡಿಬಡಿತದೊಂದಿಗೆ ಏರಿಳಿಯುವ ಬೆಳಕಿನ ಅಂಶವನ್ನಷ್ಟೇ ಬೇರ್ಪಡಿಸಿದರೆ ಅಪಧಮನಿಯ ರಕ್ತದ ಆಮ್ಲಜನಕ ಮಟ್ಟವನ್ನು ಅಂದಾಜಿಸಬಹುದು. ಇದನ್ನು ಅರಿಯಲು ರಕ್ತದ ಗುಣ, ಬೆಳಕಿನ ವರ್ತನೆ, ವಿದ್ಯುನ್ಮಾನ ಮತ್ತು ಸಂಕೇತ ಸಂಸ್ಕರಣೆ ಈ ನಾಲ್ಕರ ತಿಳಿವಳಿಕೆಯೂ ಬೇಕಾಗುತ್ತದೆ.

ಸುರಕ್ಷತೆ ಮತ್ತು ನೀತಿಶಾಸ್ತ್ರ

ಸಾಧನದ ದೋಷವು ನೇರವಾಗಿ ರೋಗಿಯ ಪ್ರಾಣಕ್ಕೆ ಅಪಾಯ ತರಬಲ್ಲದಾದ್ದರಿಂದ ಸುರಕ್ಷತೆಗೆ ಪಠ್ಯಕ್ರಮದಲ್ಲಿ ವಿಶೇಷ ಸ್ಥಾನವಿದೆ. ಇದಕ್ಕಾಗಿ ಹೆಚ್ಚಾಗಿ ಬೋಧಿಸಲಾಗುವ ಪ್ರಕರಣ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ್ದು. 1985 ಮತ್ತು 1987ರ ನಡುವೆ ಅಮೆರಿಕ ಹಾಗೂ ಕೆನಡಾದಲ್ಲಿ ಈ ಯಂತ್ರದಿಂದ ಆರು ರೋಗಿಗಳು ಅಪಾರ ಪ್ರಮಾಣದ ವಿಕಿರಣಕ್ಕೆ ಒಳಗಾದರು. ಅವರಲ್ಲಿ ಕೆಲವರು ಸಾವಿಗೀಡಾದರು. ಹಿಂದಿನ ಮಾದರಿಗಳಲ್ಲಿದ್ದ ಯಾಂತ್ರಿಕ ಸುರಕ್ಷತಾ ತಡೆಗಳನ್ನು ಕೈಬಿಟ್ಟು ತಂತ್ರಾಂಶವನ್ನೇ ನೆಚ್ಚಿಕೊಂಡದ್ದು ಈ ದುರಂತದ ಮುಖ್ಯ ಕಾರಣಗಳಲ್ಲಿ ಒಂದು.

ಯಾರ ಮೇಲೆ ಪರೀಕ್ಷಿಸಲಾಗಿದೆ ಎಂಬುದೂ ಅಷ್ಟೇ ಮುಖ್ಯ. ಪಲ್ಸ್ ಆಕ್ಸಿಮೀಟರು ಕಪ್ಪು ವರ್ಣೀಯ ರೋಗಿಗಳಲ್ಲಿನ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಹೆಚ್ಚು ಬಾರಿ ಗುರುತಿಸದೆ ಬಿಡುತ್ತದೆ ಎಂದು ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಪ್ರಯೋಗದಲ್ಲಿ ಎಲ್ಲ ಬಗೆಯ ಜನರನ್ನೂ ಒಳಗೊಳ್ಳುವ ಅಗತ್ಯವನ್ನು ಇದು ಸ್ಪಷ್ಟಪಡಿಸಿತು. ವಿದ್ಯಾರ್ಥಿಗಳು ಅಪಾಯ ನಿರ್ವಹಣೆಯ ಅಂತಾರಾಷ್ಟ್ರೀಯ ಮಾನದಂಡಗಳ ಜೊತೆಗೆ, 2018ರ ಜನವರಿ 1ರಿಂದ ಜಾರಿಯಲ್ಲಿರುವ ಭಾರತದ 'ವೈದ್ಯಕೀಯ ಸಾಧನಗಳ ನಿಯಮಗಳು, 2017' ಅನ್ನೂ ತಿಳಿದಿರಬೇಕಾಗುತ್ತದೆ.

ಭಾರತದಲ್ಲಿ

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ವೈದ್ಯಕೀಯ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯು ಆಸ್ಪತ್ರೆಯನ್ನೂ ತಂತ್ರಜ್ಞಾನ ವಿಭಾಗವನ್ನೂ ಒಂದೇ ಆಡಳಿತದಡಿ ತಂದಿದೆ. 1980ರಲ್ಲಿ ಸಂಸತ್ತಿನ ಕಾಯಿದೆಯ ಮೂಲಕ ಇದಕ್ಕೆ ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯ ಸ್ಥಾನ ದೊರೆಯಿತು. ಹೃದಯ ಶಸ್ತ್ರವೈದ್ಯ ಎಂ. ಎಸ್. ವಲಿಯಾಥನ್ ಅವರ ನೇತೃತ್ವದಲ್ಲಿ ಇಲ್ಲಿ ಕೃತಕ ಹೃದಯ ಕವಾಟವನ್ನು ಅಭಿವೃದ್ಧಿಪಡಿಸಲಾಯಿತು. ಮೊದಲ ಮೂರು ಮಾದರಿಗಳು ವಿಫಲವಾದವು. ವಿಶೇಷ ಬಗೆಯ ಪಾಲಿಎಥಿಲೀನ್ ಬಿಲ್ಲೆಯನ್ನು ಹೊಂದಿದ್ದ ನಾಲ್ಕನೆಯ ಮಾದರಿ ಯಶಸ್ವಿಯಾಗಿ, 1990ರ ಡಿಸೆಂಬರ್‌ನಲ್ಲಿ ಮೊದಲ ಬಾರಿಗೆ ಮನುಷ್ಯರಿಗೆ ಅಳವಡಿಕೆಯಾಯಿತು. ಆಮದು ಕವಾಟಗಳ ದುಬಾರಿ ಬೆಲೆ ಭರಿಸಲಾಗದ ರೋಗಿಗಳಿಗೆ ಇದು ನೆರವಾಯಿತು.

ಈ ಸಂಸ್ಥೆಯು ಐಐಟಿ ಮದ್ರಾಸ್ ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಜೊತೆಗೂಡಿ ಕ್ಲಿನಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಶಿಕ್ಷಣ ನೀಡುತ್ತ ಬಂದಿದೆ. ಐಐಟಿ ಬಾಂಬೆ ಮತ್ತು ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿಯೂ ಈ ವಿಷಯದ ಬೋಧನೆಯಿದೆ. ಸ್ನಾತಕೋತ್ತರ ಪ್ರವೇಶಕ್ಕೆ ನಡೆಯುವ ಗೇಟ್ ಪರೀಕ್ಷೆಯಲ್ಲಿ 2020ರಿಂದ ಬಯೋಮೆಡಿಕಲ್ ಎಂಜಿನಿಯರಿಂಗ್ ಪ್ರತ್ಯೇಕ ಪತ್ರಿಕೆಯಾಗಿದೆ.

ಕರ್ನಾಟಕದಲ್ಲಿ

ಮಣಿಪಾಲ ತಾಂತ್ರಿಕ ವಿದ್ಯಾಲಯದಲ್ಲಿ ಬಯೋಮೆಡಿಕಲ್ ಎಂಜಿನಿಯರಿಂಗ್ ವಿಭಾಗವಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿ ಇದಕ್ಕೆ ಹತ್ತಿರದ ಪದವಿಯು ಮೆಡಿಕಲ್ ಎಲೆಕ್ಟ್ರಾನಿಕ್ಸ್ ಎಂಬ ಹೆಸರಿನಲ್ಲಿಯೂ ಪ್ರಚಲಿತವಾಗಿದೆ, ಬೆಂಗಳೂರಿನ ಬಿ.ಎಂ.ಎಸ್. ಮತ್ತು ರಾಮಯ್ಯ ಕಾಲೇಜುಗಳು ಇದನ್ನು ಬೋಧಿಸಿವೆ. ಆದ್ದರಿಂದ ಕೋರ್ಸ್ ಹುಡುಕುವವರು ಎರಡೂ ಹೆಸರುಗಳನ್ನು ಗಮನಿಸಬೇಕಾಗುತ್ತದೆ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಭೌತವಿಜ್ಞಾನ, ರಸಾಯನವಿಜ್ಞಾನ ಮತ್ತು ಗಣಿತದ ಅಂಕಗಳನ್ನು ಪರಿಗಣಿಸಲಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೈವಿಕ ಎಂಜಿನಿಯರಿಂಗ್ ಸಂಶೋಧನೆಗೆ ಅವಕಾಶವಿದೆ.

ಉದ್ಯೋಗ ಮತ್ತು ಸವಾಲುಗಳು

ಪದವೀಧರರು ಸಾಧನ ತಯಾರಿಕಾ ಉದ್ಯಮ, ತಂತ್ರಾಂಶ, ಗುಣಮಟ್ಟ ಪರೀಕ್ಷೆ, ನಿಯಂತ್ರಣ ವ್ಯವಹಾರ ಹಾಗೂ ಸಂಶೋಧನೆಯಲ್ಲಿ ತೊಡಗುತ್ತಾರೆ. ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಎಂಜಿನಿಯರುಗಳು ಉಪಕರಣಗಳ ಖರೀದಿಗೆ ಸಲಹೆ ನೀಡುವುದು, ಮಾಪನಾಂಕ ಪರಿಶೀಲಿಸುವುದು, ದುರಸ್ತಿ ಮಾಡಿಸುವುದು ಹಾಗೂ ಸಿಬ್ಬಂದಿಗೆ ತರಬೇತಿ ಕೊಡುವ ಹೊಣೆ ಹೊರುತ್ತಾರೆ.

ಹಲವು ವಿಷಯಗಳನ್ನು ಓದಿಸುವ ಭರದಲ್ಲಿ ಯಾವುದರಲ್ಲೂ ಆಳ ದೊರೆಯುವುದಿಲ್ಲ ಎಂಬುದು ಈ ಸ್ನಾತಕ ಪದವಿಯ ಮೇಲಿರುವ ಪ್ರಮುಖ ಟೀಕೆ. ಎಲೆಕ್ಟ್ರಾನಿಕ್ಸ್ ಅಥವಾ ಮೆಕ್ಯಾನಿಕಲ್ ಪದವಿ ಮುಗಿಸಿ ಸ್ನಾತಕೋತ್ತರ ಹಂತದಲ್ಲಿ ಈ ಕ್ಷೇತ್ರಕ್ಕೆ ಬರುವುದು ಮೇಲೆಂಬ ಅಭಿಪ್ರಾಯವೂ ಇದೆ. ವೈದ್ಯರು ಹೇಳುವ ಅಗತ್ಯವನ್ನು ಅಳೆಯಬಹುದಾದ ವಿನ್ಯಾಸವಾಗಿ ಮಾರ್ಪಡಿಸುವ ಸಾಮರ್ಥ್ಯ ಆರಂಭದಿಂದಲೇ ಬೆಳೆಯಬೇಕು ಎಂಬುದು ಸ್ನಾತಕ ಪದವಿಯ ಪರವಾಗಿರುವವರ ವಾದ. ಎರಡೂ ಪಕ್ಷಗಳು ಒಪ್ಪುವ ಅಂಶವೆಂದರೆ, ಆಸ್ಪತ್ರೆಯಲ್ಲಿ ಪಡೆಯುವ ಪ್ರತ್ಯಕ್ಷ ತರಬೇತಿಯಿಲ್ಲದೆ ಈ ಶಿಕ್ಷಣ ಪೂರ್ಣವಾಗುವುದಿಲ್ಲ ಎಂಬುದು.