ಹಳೆಯ ಕತ್ತಿಯ ಜಾತಕ

ಹಳೆಯ ಮನೆಯ ಅಟ್ಟದಲ್ಲಿ ತುಕ್ಕು ಹಿಡಿದ ಕತ್ತಿಯೊಂದು ಸಿಕ್ಕಿತೆಂದರೆ ಸಾಕು, ಅದು ಟಿಪ್ಪುವಿನದೇ ಎಂಬ ಮಾತು ಹಬ್ಬಲು ತಡವಿಲ್ಲ. 2023ರ ಮೇ ತಿಂಗಳಲ್ಲಿ ಟಿಪ್ಪುವಿನ ಶಯನಗೃಹದ ಕತ್ತಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಾಟವಾದ ಮೇಲಂತೂ ಇಂಥ ಮಾತಿಗೆ ಬೆಲೆಯೂ ಬಂದಿದೆ. ಆದರೆ ಆ ಕತ್ತಿಗೆ ದಾಖಲೆಯ ಬೆಂಬಲವಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಮೇಲಿನ ದಾಳಿಯನ್ನು ಮುನ್ನಡೆಸಿದ ಡೇವಿಡ್ ಬೇರ್ಡನಿಗೆ ಕಾಣಿಕೆಯಾಗಿ ಸಂದದ್ದು ಅದು. ಹುಲಿಪಟ್ಟೆಯ ಚಿತ್ತಾರ ಕಂಡ ಮಾತ್ರಕ್ಕೆ ಎಲ್ಲವೂ ಟಿಪ್ಪುವಿನ ಆಯುಧವಾಗದು. ಪಟ್ಟೆಯನ್ನು ಇಂದೂ ಕೊರೆಯಬಹುದು. ಹಾಗಾದರೆ ದಾಖಲೆಯಿಲ್ಲದ ಕತ್ತಿಗೆ ಸಾಕ್ಷಿ ಯಾರು? ಆ ಕತ್ತಿಯೇ.

ಮೊದಲು ತಿಳಿಯಬೇಕಾದದ್ದು, ಹಿಡಿ ಮತ್ತು ಅಲಗು ಒಂದೇ ಊರಿನವಾಗಿರಬೇಕಿಲ್ಲ. ಪೋರ್ಚುಗೀಸರ ಕಾಲದಿಂದಲೂ ಯೂರೋಪಿನ ಅಲಗುಗಳು ನಮ್ಮ ಬಂದರುಗಳಿಗೆ ಬರುತ್ತಿದ್ದವು. ಅವಕ್ಕೆ ಇಲ್ಲಿನ ಹಿಡಿ ಕೂಡಿಸಿದ ಕತ್ತಿಗೆ ‘ಫಿರಂಗಿ’ ಎಂಬ ಹೆಸರೇ ಬಿತ್ತು. ಬ್ರಿಟಿಷ್ ಅಶ್ವದಳದ ಅಧಿಕಾರಿ ಲೂಯಿ ನೋಲನ್ 1853ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥದೇ ಒಂದು ಸಂಗತಿಯಿದೆ. ನಿಜಾಮನ ಸವಾರರ ಕತ್ತಿಯೇಟಿನ ಬಿರುಸು ಕಂಡು ಬೆರಗಾದ ಆತ ವಿಚಾರಿಸಿದಾಗ ತಿಳಿದದ್ದು, ಆ ಅಲಗುಗಳು ಬ್ರಿಟಿಷ್ ಸೇನೆಯೇ ಬೇಡವೆಂದು ಎಸೆದಿದ್ದ ಹಳೆಯ ಮಾಲು! ಸವಾರರು ಅವಕ್ಕೆ ತಮ್ಮ ಹಿಡಿ ಹಾಕಿ, ಚೆನ್ನಾಗಿ ಸಾಣೆ ಹಿಡಿಸಿ, ಮರದ ಒರೆಯಲ್ಲಿ ಇಟ್ಟುಕೊಂಡಿದ್ದರು. ಬ್ರಿಟಿಷರ ಕಬ್ಬಿಣದ ಒರೆಯಲ್ಲಾದರೋ ಕತ್ತಿಯ ಬಾಯಿ ಮೊಂಡಾಗುತ್ತಿತ್ತು. ಹಿಡಿಯನ್ನಷ್ಟೇ ನೋಡಿದವರು ಅಂಥ ಕತ್ತಿಯನ್ನು ಅಪ್ಪಟ ದೇಶಿ ಎಂದಾರು. ಅಲಗನ್ನಷ್ಟೇ ನೋಡಿದವರು ಇಂಗ್ಲೆಂಡಿನದೆಂದಾರು. ಎರಡೂ ಅರ್ಧಸತ್ಯ.

ಬ್ರಿಟಿಷ್ ಅಧಿಕಾರಿಗಳ ಕತ್ತಿಯನ್ನು ಗುರುತಿಸುವುದು ಇದಕ್ಕಿಂತ ಸುಲಭ. ಅಲಗಿನ ಮೇಲೆ ಕಿರೀಟದ ಜೊತೆಗೆ ಆಳುವವರ ಹೆಸರಿನ ಅಕ್ಷರಗಳಿರುವುದು ರೂಢಿ. ‘ವಿ.ಆರ್.’ ಎಂದಿದ್ದರೆ ವಿಕ್ಟೋರಿಯಾ ರಾಣಿಯ ಕಾಲ, ಅಂದರೆ 1837ರಿಂದ 1901. ‘ಜಿ.ಆರ್.’ ಎಂದಿದ್ದರೆ ಎಚ್ಚರ ಬೇಕು. ಜಾರ್ಜ್ ಎಂಬ ಹೆಸರಿನ ದೊರೆಗಳು 1830ರವರೆಗೂ ಇದ್ದರು, 1910ರ ನಂತರವೂ ಬಂದರು. ವಿಲ್ಕಿನ್ಸನ್ ಕಂಪನಿಯ ಕತ್ತಿಯಾದರೆ ಅಲಗಿನ ಬೆನ್ನಿನ ಮೇಲೆ ಒಂದು ಸಂಖ್ಯೆ ಇರುವುದುಂಟು. 1850ರ ದಶಕದಿಂದ ಕಂಪನಿ ಇಟ್ಟ ಲೆಕ್ಕದ ಪುಸ್ತಕಗಳಿಂದಾಗಿ ಆ ಸಂಖ್ಯೆಯ ಮೂಲಕ ತಯಾರಾದ ವರ್ಷವನ್ನು ಹಿಡಿಯಬಹುದು.

ಬಂದೂಕಿನ ತುದಿಗೆ ಸಿಕ್ಕಿಸುವ ಬಯೊನೆಟ್‌ನಲ್ಲಿ ಜನ ಎಡವುವುದು ಇಸವಿಯ ವಿಷಯದಲ್ಲಿ. ಮೊದಲ ಮಹಾಯುದ್ಧದ ಬಯೊನೆಟ್‌ಗಳ ಮೇಲೆ ‘1907’ ಎಂದು ಎದ್ದು ಕಾಣುತ್ತದೆ. ಅದು ತಯಾರಾದ ವರ್ಷವಲ್ಲ, ಮಾದರಿಯ ಹೆಸರು. ಅದರ ಕೆಳಗಿರುವ ಸಣ್ಣ ಅಂಕಿಗಳು ತಯಾರಾದ ತಿಂಗಳು, ವರ್ಷವನ್ನು ಹೇಳುತ್ತವೆ. ಅಗಲವಾದ ಬಾಣದ ಗುರುತು ಸರ್ಕಾರಿ ಸ್ವತ್ತೆಂಬುದರ ಮುದ್ರೆ. ‘ಆರ್.ಎಫ್.ಐ.’ ಎಂದಿದ್ದರೆ ಅದು ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯದು. ಈ ಮಾದರಿಯ ಅಲಗು ಮೂಲದಲ್ಲಿ 17 ಇಂಚು ಉದ್ದ. ಎರಡನೆಯ ಮಹಾಯುದ್ಧದ ಹೊತ್ತಿಗೆ ಭಾರತದಲ್ಲಿ ಅದನ್ನು 12 ಇಂಚಿಗೆ ಇಳಿಸಲಾಯಿತು. ಹೀಗಾಗಿ ಗಿಡ್ಡ ಬಯೊನೆಟ್ ಕಂಡರೆ ಯಾರೋ ಮುರಿದರೆಂದು ತೀರ್ಮಾನಿಸುವಂತಿಲ್ಲ.

ಇಂಥ ಮುದ್ರೆಗಳಿಲ್ಲದ ಆಯುಧಗಳನ್ನು ಆಕಾರದಿಂದಲೇ ಗುರುತಿಸಬೇಕು. ಕೊಡಗಿನ ಒಡಿಕತ್ತಿ ಅಗಲವಾಗಿ ಮುಂದಕ್ಕೆ ಬಾಗಿರುತ್ತದೆ. ಅದನ್ನು ಬೆನ್ನ ಹಿಂದೆ ಸಿಕ್ಕಿಸಿಕೊಳ್ಳುತ್ತಾರೆ. ಪೀಚೆಕತ್ತಿಯ ಜಾಗ ಸೊಂಟದ ಮುಂಭಾಗ. 1878ರ ಆಯುಧ ಕಾಯಿದೆ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಕೆಂದಾಗ ಕೊಡವರಿಗೆ ವಿನಾಯಿತಿ ಇತ್ತು. ಅಲ್ಲಿ ಆಯುಧದ ಜೊತೆಗೆ ಅದರ ಹೆಸರು, ಬಳಕೆಗಳ ನೆನಪೂ ಉಳಿಯಿತು. ಬೇರೆಡೆ ಕತ್ತಿ ಅಟ್ಟ ಸೇರಿತು, ನೆನಪಿನ ಜಾಗಕ್ಕೆ ದಂತಕತೆ ಬಂತು.

ಅಳಿದುಳಿದ ಗುರುತುಗಳಿಗೂ ದೊಡ್ಡ ಶತ್ರುವೆಂದರೆ ಭಕ್ತಿಯಿಂದ ಮಾಡುವ ಸ್ವಚ್ಛತೆ. ಆಯುಧಪೂಜೆಗೆಂದು ಹುಣಸೆಹಣ್ಣು, ಇಟ್ಟಿಗೆಪುಡಿ, ಉಪ್ಪುಕಾಗದಗಳಿಂದ ತಿಕ್ಕಿದಾಗ ಮುದ್ರೆ, ಅಂಕಿಗಳು ಸವೆದು ಹೋಗುತ್ತವೆ. ದಕ್ಷಿಣ ಭಾರತದ ಹೆಸರಾಂತ ಉಕ್ಕಿನ ಅಲಗಾದರೆ ಮೇಲ್ಮೈಯಲ್ಲಿನ ನೀರಲೆಯಂಥ ರೇಖೆಗಳೂ ಮಾಸುತ್ತವೆ. ಮೆತ್ತನೆಯ ಬಟ್ಟೆಯಿಂದ ಧೂಳು ಒರೆಸಿ, ತೆಳುವಾಗಿ ಯಂತ್ರದ ಎಣ್ಣೆ ಸವರಿದರೆ ಸಾಕು.

1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದು ಅಪರಾಧ. ಆದರೆ ಗುರುತು ಅಳಿದ ಕತ್ತಿ ದೇಶದೊಳಗೇ ಇದ್ದರೂ ಕಳೆದುಹೋದಂತೆಯೇ. ಅದು ಟಿಪ್ಪುವಿನದಾಗದೆ ಹೆಸರಿಲ್ಲದ ಸಿಪಾಯಿಯೊಬ್ಬನದಾಗಿದ್ದರೂ ಅವನ ಕಾಲಕ್ಕೆ ಉಳಿದಿರುವ ಸಾಕ್ಷಿ ಅದೊಂದೇ ಆಗಿರಬಹುದು.