ಗಿನಿ ಹುಲ್ಲು

ಗಿನಿ ಹುಲ್ಲು ಪೋಯೇಸಿ ಕುಟುಂಬಕ್ಕೆ ಸೇರಿದ, ಪೊದೆಯಾಗಿ ಬೆಳೆಯುವ ಬಹುವಾರ್ಷಿಕ ಮೇವಿನ ಹುಲ್ಲು. ಇದರ ವೈಜ್ಞಾನಿಕ ಹೆಸರು ಮೆಗಾಥಿರ್ಸಸ್ ಮ್ಯಾಕ್ಸಿಮಸ್. ಹಳೆಯ ಪುಸ್ತಕಗಳಲ್ಲಿ ಪ್ಯಾನಿಕಮ್ ಮ್ಯಾಕ್ಸಿಮಮ್ ಎಂಬ ಹೆಸರಿದೆ. ಇದರ ಮೂಲ ನೆಲೆ ಆಫ್ರಿಕಾ. ಈಗ ಉಷ್ಣವಲಯದ ಹಲವು ದೇಶಗಳಲ್ಲಿ, ವಿಶೇಷವಾಗಿ ಬ್ರೆಜಿಲ್‌ನ ಹುಲ್ಲುಗಾವಲುಗಳಲ್ಲಿ, ಇದನ್ನು ಬೆಳೆಸಲಾಗುತ್ತದೆ.

ಮೇಯಿಸುವ ಹದ

ಬಿಸಿಲು, ನೀರು ಮತ್ತು ಸಾರಜನಕ ದೊರೆತರೆ ಈ ಹುಲ್ಲು ಬೇಗ ಬೆಳೆಯುತ್ತದೆ. ಅಷ್ಟೇ ಬೇಗ ಬಲಿಯುತ್ತದೆ. ಬಲಿತಂತೆಲ್ಲ ಕಾಂಡದಲ್ಲಿ ನಾರು ಹೆಚ್ಚಿ, ಪ್ರೋಟೀನ್ ಇಳಿದು, ಮೇವು ಜೀರ್ಣವಾಗುವುದು ಕಷ್ಟವಾಗುತ್ತದೆ. ಆದುದರಿಂದ ಹೊರೆಯ ತೂಕವೊಂದನ್ನೇ ನೋಡಿ ಇಳುವರಿಯನ್ನು ಅಳೆಯುವುದು ಸರಿಯಲ್ಲ.

ಬ್ರೆಜಿಲ್‌ನಲ್ಲಿ ನಡೆದ ಸಂಶೋಧನೆಗಳು ಇದಕ್ಕೊಂದು ಅಳತೆಯನ್ನು ಒದಗಿಸಿವೆ. ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ. 95ರಷ್ಟನ್ನು ಹುಲ್ಲು ತಡೆಹಿಡಿಯುವವರೆಗೆ ಬೆಳವಣಿಗೆಯ ಬಹುಪಾಲು ಎಲೆಯ ರೂಪದಲ್ಲಿರುತ್ತದೆ. ಆ ಹಂತ ದಾಟಿದರೆ ಕೆಳಗಿನ ಎಲೆಗಳು ನೆರಳಿಗೆ ಸಿಲುಕಿ ಒಣಗುತ್ತವೆ, ಕಾಂಡಗಳು ಬೆಳಕನ್ನು ಅರಸಿ ನೀಳವಾಗುತ್ತವೆ. ಹೊಲದಲ್ಲಿ ಬೆಳಕನ್ನು ಅಳೆಯುವುದು ರೈತರಿಗೆ ಸಾಧ್ಯವಿಲ್ಲವಾದ್ದರಿಂದ ಎತ್ತರವನ್ನೇ ಗುರುತಾಗಿ ಬಳಸುತ್ತಾರೆ. ಅಲ್ಲಿನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪಾ 1993ರಲ್ಲಿ ಬಿಡುಗಡೆ ಮಾಡಿದ ಮೊಂಬಾಸಾ ತಳಿಗೆ ಈ ಎತ್ತರ ಸುಮಾರು 90 ಸೆಂ.ಮೀ.; ಗಿಡ್ಡನೆಯ ತಾಂಜಾನಿಯಾ ತಳಿಗೆ 70 ಸೆಂ.ಮೀ. ಮೊಂಬಾಸಾ ಹುಲ್ಲು 30ರಿಂದ 50 ಸೆಂ.ಮೀ.ಗೆ ಇಳಿದಾಗ ದನಗಳನ್ನು ಹೊರಗಟ್ಟಬೇಕು. ಇನ್ನೂ ಕೆಳಕ್ಕೆ ಮೇಯಿಸಿದರೆ ಚಿಗುರಲು ಬೇಕಾದ ಎಲೆ ಉಳಿಯದೆ ಬುಡ ಸೊರಗುತ್ತದೆ. ದಿನ ಎಣಿಸಿ ಮೇಯಿಸುವುದಕ್ಕಿಂತ ಈ ಕ್ರಮ ಉತ್ತಮ. ಮಳೆಗಾಲದಲ್ಲಿ ಕೆಲವೇ ವಾರಗಳಲ್ಲಿ ಬರುವ ಎತ್ತರಕ್ಕೆ ಬೇಸಿಗೆಯಲ್ಲಿ ತಿಂಗಳುಗಳೇ ಬೇಕಾಗಬಹುದು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ಇದನ್ನು ಮೇಯಿಸುವುದಕ್ಕಿಂತ ಕೊಯ್ದು ಕೊಟ್ಟಿಗೆಗೆ ತರುವುದೇ ರೂಢಿ. ನೆರಳನ್ನು ಸಹಿಸುವುದರಿಂದ ತೆಂಗಿನ ತೋಟಗಳಿಗೆ ಹೊಂದುತ್ತದೆ. ಬೀಜಗಳು ಒಮ್ಮೆಗೇ ಮಾಗದೆ ಉದುರಿಹೋಗುವುದರಿಂದ ಸಾಮಾನ್ಯವಾಗಿ ಬೇರುಸಹಿತ ಬುಡಗಳನ್ನು ಸೀಳಿ ನೆಡುತ್ತಾರೆ. ಎರಡು ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಅನಂತರ 30–45 ದಿನಗಳಿಗೊಮ್ಮೆ. ನೆಲದಿಂದ 10–15 ಸೆಂ.ಮೀ. ಬಿಟ್ಟು ಕೊಯ್ಯಬೇಕು. ಪ್ರತಿ ಕೊಯ್ಲು ಮಣ್ಣಿನಿಂದ ಸಾರಜನಕ, ಪೊಟ್ಯಾಷ್‌ಗಳನ್ನು ಹೊತ್ತೊಯ್ಯುವುದರಿಂದ ಕೊಟ್ಟಿಗೆಯ ಗೊಬ್ಬರ, ಗಂಜಲ ಹೊಲಕ್ಕೆ ಮರಳದಿದ್ದರೆ ಇಳುವರಿ ವರ್ಷದಿಂದ ವರ್ಷಕ್ಕೆ ಕುಸಿಯುತ್ತದೆ.

ಎಚ್ಚರಿಕೆ

ಈ ಹುಲ್ಲಿನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಡುತ್ತದೆ. ದನಗಳ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು ಅದನ್ನು ಬಹುಮಟ್ಟಿಗೆ ಒಡೆಯುತ್ತವೆ. ಕುದುರೆಗಳಿಗೆ ಆ ಅನುಕೂಲವಿಲ್ಲ. ಬಹುಕಾಲ ಇದನ್ನೇ ತಿಂದರೆ ಅವುಗಳ ಮೂಳೆ ದುರ್ಬಲವಾಗುತ್ತದೆ. ಮೇಯಿಸದೆ, ಕೊಯ್ಯದೆ ಬಿಟ್ಟ ಕಡೆ ಇದು ಕಳೆಯಾಗಿ ಹರಡುತ್ತದೆ, ಒಣಗಿದಾಗ ಬೆಂಕಿಗೆ ಆಹುತಿಯಾಗುತ್ತದೆ. ಹವಾಯಿಯ ಮಾವಿ ದ್ವೀಪದಲ್ಲಿ 2023ರ ಆಗಸ್ಟ್‌ನಲ್ಲಿ ಲಹೈನಾ ಪಟ್ಟಣವನ್ನು ಸುಟ್ಟ ಬೆಂಕಿಗೆ, ಪಾಳುಬಿದ್ದ ತೋಟಗಳಲ್ಲಿ ಬೆಳೆದಿದ್ದ ಗಿನಿ ಹುಲ್ಲಿನಂತಹ ಹೊರನಾಡಿನ ಹುಲ್ಲುಗಳು ಇಂಧನವಾದವು.