ಕಾಡತೂಸಿನ ಬೆಲೆ

ಕಾಡತೂಸು ಎಂಬ ಮಾತು ಕನ್ನಡಕ್ಕೆ ಯುರೋಪಿನವರ ಬಂದೂಕಿನ ಜೊತೆಯಲ್ಲಿ ಬಂದುದು. ಕಾಗದದ ಸುರುಳಿ ಎಂಬುದು ಅದರ ಮೂಲಾರ್ಥ. ಅಳತೆಯ ಮದ್ದನ್ನೂ ಸೀಸದ ಗುಂಡನ್ನೂ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು. ಸಿಪಾಯಿ ಅದರ ತುದಿಯನ್ನು ಹಲ್ಲಿನಿಂದ ಹರಿದು, ಮದ್ದನ್ನು ನಳಿಗೆಯೊಳಗೆ ಸುರಿದು, ಗುಂಡನ್ನು ಗಜದಿಂದ ತಳ್ಳುತ್ತಿದ್ದ. 1857ರ ದಂಗೆಯ ಕಾರಣಗಳಲ್ಲಿ ಇಂಥ ಕಾಗದಕ್ಕೆ ಬಳಿದ ಕೊಬ್ಬಿನ ಗುಮಾನಿಯೂ ಒಂದೆಂಬುದು ಎಲ್ಲರೂ ಬಲ್ಲ ಸಂಗತಿ. ಅದೇ ವರ್ಷ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ಸ್ಮಿತ್ ಮತ್ತು ವೆಸನ್ ಎಂಬಿಬ್ಬರು ಲೋಹದ ಪುಟ್ಟ ಕಾಡತೂಸೊಂದನ್ನು, ಅದನ್ನು ಹಾರಿಸುವ ರಿವಾಲ್ವರಿನ ಸಮೇತ ಮಾರುಕಟ್ಟೆಗೆ ತಂದರು. ‘ರಿಮ್‌ಫೈರ್’ ಎಂದು ಅದರ ಹೆಸರು. ಕಿಡಿ ಹುಟ್ಟುವುದು ಅದರ ಅಂಚಿನಲ್ಲಿ.

ಇದರ ಬೀಜ ಇನ್ನೂ ಹಿಂದಿನದು. ತಟ್ಟಿದರೆ ಸಿಡಿಯುವ ಪಾದರಸದ ಲವಣವೊಂದನ್ನು 1800ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ ವಿವರಿಸಿದ್ದ. 1845ರಲ್ಲಿ ಪ್ಯಾರಿಸ್ಸಿನ ಫ್ಲೋಬೇರ್, ಆ ಮದ್ದು ತುಂಬಿದ ತಾಮ್ರದ ಟೊಪ್ಪಿಗೆಯ ಬಾಯಿಗೆ ಸೀಸದ ಗುಂಡನ್ನು ಕೂರಿಸಿದ. ಶ್ರೀಮಂತರ ಪಡಸಾಲೆಯಲ್ಲಿ ಗುರಿಯಾಟಕ್ಕೆಂದು ಹುಟ್ಟಿದ ವಸ್ತುವದು.

ತಯಾರಿಕೆಯ ಬಗೆಯನ್ನು ನೋಡಿ. ತೆಳುವಾದ ತಾಮ್ರದ ಅಥವಾ ಹಿತ್ತಾಳೆಯ ತಗಡಿನಿಂದ ಬಿಲ್ಲೆಗಳನ್ನು ಕತ್ತರಿಸಿ, ಬಟ್ಟಲಿನಂತೆ ಒತ್ತಿ, ಅಚ್ಚಿನಿಂದ ಅಚ್ಚಿಗೆ ಎಳೆದು ಕೊಳವೆಯಾಗಿಸುತ್ತಾರೆ. ಬುಡವನ್ನು ಅದುಮಿದಾಗ ಸುತ್ತಲೂ ಟೊಳ್ಳಾದ ಅಂಚು ಮೂಡುತ್ತದೆ. ಸಿಡಿಮದ್ದನ್ನು ಒದ್ದೆಯಾಗಿರುವಾಗಲೇ ಒಳಗಿಟ್ಟು ಕೊಳವೆಯನ್ನು ರಭಸದಿಂದ ತಿರುಗಿಸಿದರೆ, ಅದು ಅಂಚಿನ ಟೊಳ್ಳಿಗೆ ಹೋಗಿ ಸೇರುತ್ತದೆ. ಒಣಗಿದ ಮೇಲೆ ಮದ್ದು ತುಂಬಿ, ಗುಂಡನ್ನಿಟ್ಟು, ಬಾಯಿಯನ್ನು ಬಿಗಿಯುತ್ತಾರೆ. ಒದ್ದೆಯಲ್ಲಿ ಸಾಧುವಾದ ಆ ಮದ್ದು ಒಣಗಿದಾಗ ಉಜ್ಜಿದರೂ ಸಿಡಿಯಬಲ್ಲದು.

ಹೀಗೆ ಮಾಡಿದ ಒಂದೇ ಒಂದು ಕಾಡತೂಸಿನ ಖರ್ಚನ್ನು ಲೆಕ್ಕಹಾಕಿದರೆ ಅದು ಬಲು ದುಬಾರಿ. ಒಂದಕ್ಕೆ ಬೇಕಾದ ಅಚ್ಚುಗಳೇ ಲಕ್ಷಕ್ಕೂ ಬೇಕು. ಆದುದರಿಂದ ಸಂಖ್ಯೆ ಬೆಳೆದಷ್ಟೂ ಒಂದೊಂದರ ಪಾಲಿಗೆ ಬರುವ ವೆಚ್ಚ ಕರಗುತ್ತದೆ. ಹಕ್ಕುಪತ್ರದ ಖರ್ಚು ಬೇರೆ: ಹಿಂಬದಿಯಿಂದ ತುಂಬುವ ರಿವಾಲ್ವರಿನ ಪೇಟೆಂಟ್ ಪಡೆದಿದ್ದ ರೋಲಿನ್ ವೈಟನಿಗೆ ಸ್ಮಿತ್ ಮತ್ತು ವೆಸನ್ ಒಂದೊಂದು ರಿವಾಲ್ವರಿಗೂ 25 ಸೆಂಟು ತೆರುತ್ತಿದ್ದರು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಆರಂಭವಾಯಿತು. 16 ಗುಂಡುಗಳನ್ನು ಒಂದರ ಹಿಂದೊಂದು ಹಾರಿಸುವ ಹೆನ್ರಿ ರೈಫಲು ರಿಮ್‌ಫೈರ್ ಕಾಡತೂಸಿನದೇ. ಆದರೆ ಉತ್ತರ ಪಕ್ಷದ ಶಸ್ತ್ರಾಗಾರಗಳ ಮುಖ್ಯಸ್ಥ ರಿಪ್ಲಿ, ಇಂಥ ಬಂದೂಕು ಗುಂಡುಗಳನ್ನು ಪೋಲು ಮಾಡುತ್ತದೆಂದು ಅದನ್ನು ದೂರವಿಟ್ಟ. ಬಹುಪಾಲು ಸೈನಿಕರ ಕೈಯಲ್ಲಿ ಉಳಿದುದು ಅಗ್ಗದ ಕಾಗದದ ಕಾಡತೂಸೇ. ಅದನ್ನು ಸುತ್ತಲು ಯಂತ್ರ ಬೇಡ, ಚುರುಕಾದ ಬೆರಳುಗಳು ಸಾಕು. ಆ ಬೆರಳುಗಳು ಹೆಚ್ಚಾಗಿ ಬಡಮನೆಗಳ ಹೆಂಗಸರವು, ಎಳೆಯ ಹುಡುಗಿಯರವು.

1862ರ ಸೆಪ್ಟೆಂಬರ್ 17ರಂದು ಪಿಟ್ಸ್‌ಬರ್ಗ್ ಬಳಿಯ ಅಲಿಗೇನಿ ಶಸ್ತ್ರಾಗಾರ ಸಿಡಿಯಿತು. 78 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ತರುಣಿಯರು. ಅದೇ ದಿನ ಅಂಟೀಟಮ್ ರಣರಂಗದಲ್ಲಿ ಸಾವಿರಾರು ಜನ ಮಡಿದುದರಿಂದ ಈ ಸುದ್ದಿ ಮರೆಗೆ ಸರಿಯಿತು. 1864ರ ಜೂನ್ 17ರಂದು ವಾಷಿಂಗ್ಟನ್ನಿನ ಶಸ್ತ್ರಾಗಾರದಲ್ಲಿ, ಬಿಸಿಲಿಗೆ ಒಣಗಲಿಟ್ಟಿದ್ದ ಬಾಣಬಿರುಸಿನ ಮದ್ದು ಹೊತ್ತಿಕೊಂಡು, ಕಿಡಿ ಕಿಟಕಿಯಿಂದ ಒಳಗೆ ಹಾರಿತು. ಒಳಗೆ ಕಾಡತೂಸು ಕಟ್ಟುತ್ತಿದ್ದ 21 ಮಂದಿ ಹೆಣ್ಣುಮಕ್ಕಳು ಬೆಂದು ಸತ್ತರು. ಅಧ್ಯಕ್ಷ ಲಿಂಕನ್ ಅವರ ಶವಯಾತ್ರೆಯಲ್ಲಿ ಪಾಲ್ಗೊಂಡರು.

ಮುಂದೆ ಲೋಹವೇ ಗೆದ್ದಿತು. ಆದರೆ ರಿಮ್‌ಫೈರಿನ ತೆಳುವಾದ ಬುಡ ಹೆಚ್ಚಿನ ಒತ್ತಡವನ್ನು ತಾಳದು. ಒಮ್ಮೆ ಹಾರಿಸಿದ ಕೊಳವೆಯನ್ನು ಮತ್ತೆ ತುಂಬಿಸುವಂತೆಯೂ ಇಲ್ಲ. ನಡುವೆ ಕಿಡಿ ಹುಟ್ಟುವ ಗಟ್ಟಿ ಕಾಡತೂಸಿಗೆ ಯುದ್ಧವನ್ನು ಬಿಟ್ಟುಕೊಟ್ಟು, ಅದು ತಾನು ಹುಟ್ಟಿದ ಆಟಕ್ಕೇ ಹೆಚ್ಚಾಗಿ ಮರಳಿತು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದುದು ಈ ಬಗೆಯ ಕಾಡತೂಸಿನ ರೈಫಲಿನಿಂದಲೇ. ಪಾದರಸದ ಮದ್ದು ಹೋಗಿ ಸೀಸದ ಲವಣ ಬಂದಿದೆ. ಆ ಸೀಸವೂ ಉಸಿರಿನೊಡನೆ ಒಳಹೋದರೆ ವಿಷವೇ.

ವಾಷಿಂಗ್ಟನ್ನಿನ ಕಾಂಗ್ರೆಷನಲ್ ಸ್ಮಶಾನದಲ್ಲಿ ಆ 21 ಮಂದಿಯ ಹೆಸರುಗಳನ್ನು ಕೆತ್ತಿದ ಸ್ಮಾರಕವೊಂದಿದೆ. ತಗಡು, ಸೀಸ, ಮದ್ದು, ಕೂಲಿ ಎಂದು ಕಾಡತೂಸಿನ ಖರ್ಚನ್ನು ಪಟ್ಟಿಮಾಡುವವನು, ಕೂಲಿಯೆಂಬ ಕಡೆಯ ಬಾಬ್ತಿನ ಎದುರು ಆ ಹೆಸರುಗಳನ್ನೂ ಬರೆಯಬೇಕಾಗುತ್ತದೆ.